ಆಶ್ವಿಟ್ಜ್ ನೋಡಿ ಬಂದವರೇ, ಬದನವಾಳು ಎಲ್ಲಿದೆ ಗೊತ್ತಾ?

ಈ ವರ್ಷ ಜನವರಿ 27ಕ್ಕೆ ನಮ್ಮ ಆಫೀಸಲ್ಲಿ ಒಂದು ವಿಡಿಯೊ ಕಾಲ್ ಇತ್ತು. ನಮ್ಮ ಅರ್ಧ ಟೀಮು ಜರ್ಮನಿಯಲ್ಲಿದೆ, ಹಾಗಾಗಿ ಆ ದಿನಕ್ಕೆ ಅವರ ಕಡೆ ತುಂಬಾ ಮಹತ್ವ. 1945ರಲ್ಲಿ ಆಶ್ವಿಟ್ಜ್ ಶಿಬಿರದಲ್ಲಿ ಉಳಿದಿದ್ದವರನ್ನು ಸೋವಿಯತ್ ಸೈನ್ಯ ಬಿಡಿಸಿದ ದಿನ ಅದು. ವಿಶ್ವಸಂಸ್ಥೆ 2005ರಲ್ಲಿ ಅದನ್ನು ಹಾಲೊಕಾಸ್ಟ್ ಸ್ಮರಣೆಯ ದಿನ ಅಂತ ಘೋಷಿಸಿತು. ಕಾಲ್‌ನಲ್ಲಿ ಮಾತಾಡಿದವರು ಶಿಬಿರದಿಂದ ಬದುಕಿ ಬಂದ ಒಬ್ಬ ಅಜ್ಜಿಯ ಮೊಮ್ಮಗಳು. ಅಜ್ಜಿ ಸಾಯೋವರೆಗೂ ಮನೇಲಿ ಒಂದು ಚೂರು ಬ್ರೆಡ್ಡನ್ನೂ ಬಿಸಾಡೋಕೆ ಬಿಡ್ತಿರಲಿಲ್ವಂತೆ. ಅದ್ಯಾಕೆ ಅಂತ ಮಕ್ಕಳಿಗೆ ಹೇಳೋಕೆ ಆಕೆಗೆ ಮೂವತ್ತು ವರ್ಷ ಬೇಕಾಯ್ತಂತೆ. ಈಗ ಆಕೆಯ ಮಕ್ಕಳು, ಮೊಮ್ಮಕ್ಕಳು ಶಾಲೆ, ಆಫೀಸು ಅಂತ ಹೋಗಿ ಆ ಕಥೆ ಹೇಳ್ತಾರೆ.

ನಾವೆಲ್ಲ ಕಣ್ಣೊರೆಸಿಕೊಂಡ್ವಿ. ಸುಳ್ಳು ಹೇಳ್ತಿಲ್ಲ, ನಾನೂ ಅತ್ತೆ. ಚಾಟ್ ಬಾಕ್ಸ್ ತುಂಬಾ ಹಾರ್ಟು. ಹಿಂದಿನ ಬೇಸಿಗೆಯಲ್ಲಿ ಯುರೋಪ್ ಟೂರ್ ಹೋಗಿದ್ದ ಇಬ್ಬರು ಆಶ್ವಿಟ್ಜ್ ಗೇಟಿನ ಮುಂದೆ ತೆಗೆಸಿಕೊಂಡ ಫೋಟೊ ಹಾಕಿದ್ರು, ಕೆಳಗೆ 'ನೆವರ್ ಅಗೇನ್' ಅಂತ.

ಕಾಲ್ ಮುಗಿದ ಮೇಲೆ ನನ್ನ ಪಕ್ಕದ ಸೀಟಿನ ಗೆಳೆಯ ಒಂದು ಮೇಲ್ ಕಳಿಸಿದ. ಅವನು ನಂಜನಗೂಡು ಕಡೆಯವನು, ದಲಿತ. "ತುಂಬಾ ಒಳ್ಳೆ ಕಾರ್ಯಕ್ರಮ. ಏಪ್ರಿಲ್ 14ಕ್ಕೆ ಇದೇ ಥರ ನಮ್ಮ ಕಡೆಯ ಒಂದು ಕುಟುಂಬವನ್ನು ಕರೆಸೋಣವೇ? ಜಾತಿಯ ಕಾರಣಕ್ಕೆ ಮನೆಯವರನ್ನು ಕಳೆದುಕೊಂಡವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ." ಎರಡು ದಿನ ಬಿಟ್ಟು ಉತ್ತರ ಬಂತು. ಐಡಿಯಾ ಚೆನ್ನಾಗಿದೆ, ಆದ್ರೆ ವಿಷಯ ಸ್ವಲ್ಪ ಸೆನ್ಸಿಟಿವ್, ಯಾರಿಗೂ ಮುಜುಗರ ಆಗಬಾರದು, ಬದಲಿಗೆ ಒಂದು ಅಂಬೇಡ್ಕರ್ ಕ್ವಿಜ್ ಇಟ್ಟುಕೊಳ್ಳೋಣ.

ಕ್ವಿಜ್ ಆಯ್ತು. ಗೆದ್ದವರಿಗೆ ಗಿಫ್ಟ್ ವೋಚರ್ ಕೊಟ್ಟರು. ಮೊದಲನೇ ಬಹುಮಾನ ನನಗೇ ಬಂತು, ಅದನ್ನೂ ಹೇಳಿಬಿಡ್ತೀನಿ.

ನನ್ನ ಊರು ಬನ್ನೂರು. ಕುರಿಗೆ, ಬೆಲ್ಲಕ್ಕೆ ಹೆಸರಾದ ಊರು. ಬೆಂಗಳೂರಿಂದ ಸ್ನೇಹಿತರು ಬಂದ್ರೆ ನಾವು ಮೊದಲು ಕರ್ಕೊಂಡು ಹೋಗೋದು ಹತ್ತಿರದ ಸೋಮನಾಥಪುರಕ್ಕೆ. ಅಲ್ಲಿ ಮೂಗು ಮುರಿದ ಶಿಲ್ಪ, ಕೈ ಹೋದ ಶಿಲ್ಪ ತೋರಿಸಿ ಯಾರು ಮುರಿದ್ರು, ಯಾವಾಗ ಮುರಿದ್ರು, ಯಾಕೆ ಅಲ್ಲಿ ಪೂಜೆ ನಡೆಯಲ್ಲ ಅಂತ ಶತಮಾನಗಳ ಹಿಂದಿನ ಕಥೆಯನ್ನು ನಿನ್ನೆ ಕಣ್ಣಾರೆ ಕಂಡವರ ಹಾಗೆ ಹೇಳ್ತೀವಿ. ಆಗ ಯಾರೂ "ಹಳೇದ್ನೆಲ್ಲ ಯಾಕೆ ಕೆದಕ್ತೀರಾ" ಅನ್ನಲ್ಲ. ಅದೇ ಬನ್ನೂರಿಂದ ತಿ. ನರಸೀಪುರ, ನಂಜನಗೂಡು ದಾಟಿ ಹೋದ್ರೆ ಒಂದೂವರೆ ತಾಸಿನ ದಾರಿಯಲ್ಲಿ ಬದನವಾಳು ಸಿಗುತ್ತೆ. ಅಲ್ಲಿಗೆ ನಾನು ಯಾವ ಸ್ನೇಹಿತರನ್ನೂ ಕರ್ಕೊಂಡು ಹೋಗಿಲ್ಲ. ಹೋದ್ರೂ ಖಾದಿ ಕೇಂದ್ರ ತೋರಿಸಿ, 1927ರಲ್ಲಿ ಗಾಂಧೀಜಿ ಬಂದಿದ್ರು ಅಂತ ಹೇಳಿ, ಒಂದು ಟವೆಲ್ ಕೊಂಡು ವಾಪಸ್ ಬರ್ತಿದ್ದೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. 1993ರ ಮಾರ್ಚ್ 25ರಂದು ಬದನವಾಳಿನ ಮೂವರು ದಲಿತರನ್ನು ಕೊಂದರು. ಸಿದ್ಧೇಶ್ವರ ದೇವಸ್ಥಾನಕ್ಕೆ ದಲಿತರು ಹೋಗುವ ವಿಚಾರದಲ್ಲಿ ಊರಲ್ಲಿ ಎದ್ದಿದ್ದ ಜಗಳ ಅದರ ಹಿನ್ನೆಲೆ. ಸತ್ತವರಲ್ಲಿ ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು. ಇನ್ನೊಬ್ಬರು ಅವರ ಮಗ, ಎಂಜಿನಿಯರ್. ಇನ್ನೊಂದು ಸಲ ಓದಿ: ಎಂಜಿನಿಯರ್. ಈ ಪುಸ್ತಕ ಹಿಡಿದಿರೋ ನಿಮ್ಮಲ್ಲಿ ಎಷ್ಟೋ ಜನರ ಹಾಗೆ, ನನ್ನ ಹಾಗೆ ಓದಿ ಮುಂದೆ ಬಂದವರು. "ಓದಿ ಮುಂದೆ ಬಂದ್ರೆ ಜಾತಿ ತಾನಾಗೇ ಹೋಗುತ್ತೆ ಬಿಡಿ" ಅಂತ ನಾವು ಕ್ಯಾಂಟೀನಲ್ಲಿ ಕಾಫಿ ಕುಡೀತಾ ಹೇಳ್ತೀವಲ್ಲ, ಆ ಮಾತನ್ನು ಆ ಮನೆಯವರ ಮುಂದೆ ಕೂತು ಹೇಳೋ ಧೈರ್ಯ ಯಾರಿಗಿದೆ?

ಕೊಲೆಯ ನಂತರ ಆ ಊರಿನ ಲಿಂಗಾಯತ ಬೀದಿ ಮತ್ತು ದಲಿತ ಬೀದಿಯ ನಡುವಿನ ಒಂದು ರಸ್ತೆಯಲ್ಲಿ ಓಡಾಟವೇ ನಿಂತಿತು. ಎಷ್ಟು ವರ್ಷ? ಇಪ್ಪತ್ತೊಂಬತ್ತು. 2022ರ ಅಕ್ಟೋಬರ್ 2ರಂದು ಭಾರತ್ ಜೋಡೊ ಪಾದಯಾತ್ರೆಯಲ್ಲಿ ರಾಹುಲ್ ಗಾಂಧಿ ಬದನವಾಳಿಗೆ ಬಂದಾಗ ಆ ರಸ್ತೆ ರಿಪೇರಿಯಾಗಿ ಮತ್ತೆ ತೆರೆಯಿತು. ಎರಡೂ ಸಮುದಾಯದವರು ಒಟ್ಟಿಗೆ ಕೂತು ಊಟ ಮಾಡಿದರು. ಆ ಪಕ್ಷ ಈ ಪಕ್ಷ ಅನ್ನೋ ಜಗಳ ಇಲ್ಲಿ ಬೇಡ. ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವ ದಾರಿಯನ್ನು ತೆರೆಯೋಕೆ ಕನ್ಯಾಕುಮಾರಿಯಿಂದ ಒಬ್ಬರು ನಡ್ಕೊಂಡು ಬರಬೇಕಾಯ್ತಲ್ಲ, ನಂಗೆ ನಾಚಿಕೆಯಾಗಿದ್ದು ಅದಕ್ಕೆ. ಮೈಸೂರಿಂದ ಒಂದು ಗಂಟೆ ದೂರದಲ್ಲಿ, ಇಷ್ಟೊಂದು ಕಾಲೇಜು, ಮಠ, ಸಾಹಿತ್ಯ ಪರಿಷತ್ತು, ಪತ್ರಿಕೆ ಇರೋ ನಮ್ಮ ಜಿಲ್ಲೆಯಲ್ಲಿ, ಅಲ್ಲಿವರೆಗೂ ನಾವೆಲ್ಲ ಎಲ್ಲಿದ್ವಿ?

ಅದಕ್ಕೂ ಮುಂಚೆ, 2015ರಲ್ಲಿ, ರಂಗಕರ್ಮಿ ಪ್ರಸನ್ನ ಅದೇ ಊರಲ್ಲಿ ಕೂತು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಮಾಡಿದ್ದರು. ಬೆಂಗಳೂರಿಂದ ನಮ್ಮಂಥವರು ತುಂಬಾ ಜನ ಹೋಗಿದ್ವಿ. ಸತ್ಯಾಗ್ರಹದ ಬಗ್ಗೆ ನನ್ನ ತಕರಾರಿಲ್ಲ. ನನ್ನ ಬಗ್ಗೆ ಇದೆ. ಕೈಮಗ್ಗ, ಸಾವಯವ, ಸರಳತೆ ಅಂತ ಎಲ್ಲ ಕೇಳಿಕೊಂಡು ಬಂದ ನಾನು, ಆ ದಾರಿಯಲ್ಲಿ ಯಾಕೆ ಯಾರೂ ಓಡಾಡ್ತಿಲ್ಲ ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಈಗ 1993ನೇ ಇಸವಿಯನ್ನೇ ಸ್ವಲ್ಪ ನೋಡಿ. ಬದನವಾಳಿನಲ್ಲಿ ಆ ಮೂವರು ಸತ್ತು ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ ಕೊನೆಯಲ್ಲಿ, ಅಮೆರಿಕದ ವಾಷಿಂಗ್ಟನ್‌ನಲ್ಲಿ ಹಾಲೊಕಾಸ್ಟ್ ಮ್ಯೂಸಿಯಂ ಬಾಗಿಲು ತೆರೆಯಿತು. ಡಿಸೆಂಬರಿನಲ್ಲಿ ಸ್ಪೀಲ್‌ಬರ್ಗ್‌ನ 'ಶಿಂಡ್ಲರ್ಸ್ ಲಿಸ್ಟ್' ಬಂತು. ಮಾರನೇ ವರ್ಷ ಆತ ಒಂದು ಸಂಸ್ಥೆ ಕಟ್ಟಿದ. ಬದುಕಿ ಉಳಿದವರ ಮನೆ ಮನೆಗೆ ಕ್ಯಾಮೆರಾ ತಗೊಂಡು ಹೋಗಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ಮಾತು ರೆಕಾರ್ಡ್ ಮಾಡಿಸಿದ. ಆ ರೆಕಾರ್ಡಿಂಗ್‌ನಲ್ಲಿ ಬರೀ ಶಿಬಿರದ ದಿನಗಳಷ್ಟೇ ಇಲ್ಲ. ಹುಟ್ಟಿದ ಊರು, ಶಾಲೆ, ಮನೆಯ ಅಡುಗೆ, ಮದುವೆ, ಆಮೇಲೆ ಬದುಕು ಕಟ್ಟಿಕೊಂಡಿದ್ದು, ಎಲ್ಲ ಇದೆ. ಒಬ್ಬ ಮನುಷ್ಯನ ಇಡೀ ಜೀವನ ಇದೆ.

ನಮ್ಮಲ್ಲಿ? ಒಂದು ಕೊಲೆ ಆದ್ರೆ ಎಫ್‌ಐಆರ್, ಚಾರ್ಜ್‌ಶೀಟು, ಪೇಪರಿನ ಮೂರು ಕಾಲಂ, ಸತ್ಯಶೋಧನಾ ವರದಿ. ಸತ್ತ ಮೇಷ್ಟ್ರು ಯಾವ ಪಾಠ ಚೆನ್ನಾಗಿ ಮಾಡ್ತಿದ್ರು, ಯಾವ ಮಕ್ಕಳನ್ನು ಓದಿಸಿ ದಡ ಸೇರಿಸಿದ್ರು, ಉಳಿದ ಮನೆಯವರು ಆ ರಾತ್ರಿಯಿಂದ ಮಾರನೇ ಬೆಳಗಿನವರೆಗೆ ಹೇಗಿದ್ರು? ಇದನ್ನೆಲ್ಲ ಯಾರು ಕೇಳಿದ್ದಾರೆ, ಯಾರು ಬರೆದಿಟ್ಟಿದ್ದಾರೆ, ನಮ್ಮ ತಾಲ್ಲೂಕಿನ ಯಾವ ಶಾಲೆಯ ಮಗುವಿಗೆ ಅದು ಸಿಗುತ್ತೆ?

ಇಲ್ಲಿಗೆ ಬಂದಾಗ ಒಂದು ಆಕ್ಷೇಪ ಬರುತ್ತೆ, ನಂಗೆ ಗೊತ್ತು. "ಅರವತ್ತು ಲಕ್ಷ ಯಹೂದಿಗಳನ್ನು ಕೊಂದಿದ್ದಕ್ಕೂ ಒಂದು ಹಳ್ಳಿಯ ಮೂರು ಕೊಲೆಗೂ ಹೋಲಿಕೆಯೇನ್ರಿ?" ಇಲ್ಲ ಸ್ವಾಮಿ, ಹೋಲಿಕೆ ಇಲ್ಲ. ಹಾಲೊಕಾಸ್ಟ್ ಒಂದು ಸರ್ಕಾರ ರೈಲು, ಫ್ಯಾಕ್ಟರಿ, ಕಡತ ಎಲ್ಲ ಇಟ್ಟುಕೊಂಡು ಒಂದು ಜನಾಂಗವನ್ನೇ ಮುಗಿಸೋಕೆ ಹೊರಟಿದ್ದು. ಅದನ್ನು ಯಾವುದರ ಜೊತೆಗೂ ತಕ್ಕಡಿಯಲ್ಲಿಟ್ಟು ತೂಗೋದು ತಪ್ಪು. ನಾನು ಪಕ್ಕಪಕ್ಕ ಇಡ್ತಿರೋದು ಆಮೇಲೆ ನಡೆದದ್ದನ್ನ. ಅಷ್ಟು ದೊಡ್ಡದನ್ನು ಒಪ್ಪಿಕೊಂಡು ಮಕ್ಕಳಿಗೆ ಹೇಳೋದನ್ನು ಒಂದು ದೇಶ ಕಲೀತು. ಇಷ್ಟು ಚಿಕ್ಕದು ಅಂತ ನೀವೇ ಹೇಳೋದನ್ನು ನಮ್ಮ ಮಕ್ಕಳಿಗೆ ಹೇಳೋಕೆ ನಮಗೇನು ಕಷ್ಟ?

ಇನ್ನೊಂದು ಮಾತು. ಜರ್ಮನಿಯವರು ಮೊದಲಿಂದಲೂ ಹೀಗೇ ಒಳ್ಳೆಯವರಾಗಿದ್ರು ಅಂತ ಅಂದ್ಕೋಬೇಡಿ. ಯುದ್ಧ ಮುಗಿದು ಹದಿನೈದು ವರ್ಷ ಅಲ್ಲೂ ಎಲ್ಲರೂ ಬಾಯಿ ಮುಚ್ಚಿಕೊಂಡೇ ಇದ್ರು. ಬದುಕಿ ಬಂದವರು ಹೇಳಲಿಲ್ಲ ಅಂತಲ್ಲ. ಇಟಲಿಯ ಪ್ರಿಮೊ ಲೆವಿ ಆಶ್ವಿಟ್ಜ್‌ನಿಂದ ವಾಪಸ್ ಬಂದವನೇ ಬರೆಯೋಕೆ ಕೂತ. ದೊಡ್ಡ ಪ್ರಕಾಶಕರು ಬೇಡ ಅಂದ್ರು. 1947ರಲ್ಲಿ ಒಂದು ಸಣ್ಣ ಪ್ರಕಾಶನ ಎರಡೂವರೆ ಸಾವಿರ ಪ್ರತಿ ಹಾಕಿತು, ಅದೂ ಪೂರ್ತಿ ಮಾರಾಟ ಆಗಲಿಲ್ಲ. ಹನ್ನೊಂದು ವರ್ಷ ಕಾದ ಮೇಲೆ, 1958ರಲ್ಲಿ, ಅದೇ ದೊಡ್ಡ ಪ್ರಕಾಶಕರು ಅದನ್ನು ಪ್ರಕಟಿಸಿದರು. ಹೇಳುವವನು ಮೊದಲ ದಿನದಿಂದಲೇ ಇದ್ದ. ಕೇಳುವ ಕಿವಿ ತಡವಾಗಿ ಬಂತು. ಜರ್ಮನಿಯಲ್ಲಿ 1963ರಿಂದ 65ರವರೆಗೆ ಫ್ರಾಂಕ್‌ಫರ್ಟ್‌ನಲ್ಲಿ ಆಶ್ವಿಟ್ಜ್ ಸಿಬ್ಬಂದಿಯ ವಿಚಾರಣೆ ನಡೆಯಿತು. ಅದನ್ನು ಹಟ ಹಿಡಿದು ನಡೆಸಿದ ಪ್ರಾಸಿಕ್ಯೂಟರ್ ಫ್ರಿಟ್ಜ್ ಬಾವರ್‌ಗೆ ಸ್ವಂತ ದೇಶದಲ್ಲೇ ಶತ್ರುಗಳು ಹುಟ್ಟಿದರು. 1979ರಲ್ಲಿ 'ಹಾಲೊಕಾಸ್ಟ್' ಅನ್ನೋ ಟಿವಿ ಧಾರಾವಾಹಿ ಬಂದಾಗ ಮನೆಮನೆಯಲ್ಲಿ ಮಕ್ಕಳು ಅಪ್ಪ, ತಾತಂದಿರನ್ನು ಕೇಳಿದರು: ಆಗ ನೀವೇನು ಮಾಡ್ತಿದ್ರಿ? ಆ ಪ್ರಶ್ನೆ ಊಟದ ಮೇಜಿಗೆ ಬಂದ ಮೇಲೇ ಉಳಿದದ್ದೆಲ್ಲ ಆಗಿದ್ದು.

ಈಗ ಜರ್ಮನಿಯ ಬೀದಿಗಳಲ್ಲಿ ನಡೆದ್ರೆ ಕಾಲಡಿ ಅಂಗೈ ಅಗಲದ ಹಿತ್ತಾಳೆ ಹಲಗೆ ಸಿಗುತ್ತೆ. ಇಲ್ಲಿ ಇಂಥವರು ವಾಸವಿದ್ದರು, ಇಂಥ ವರ್ಷ ಹುಟ್ಟಿದರು, ಇಂಥ ದಿನ ಹಿಡಿದುಕೊಂಡು ಹೋದರು, ಇಂಥಲ್ಲಿ ಕೊಂದರು. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ ಶುರು ಮಾಡಿದ್ದು. ಯುರೋಪಿನಾದ್ಯಂತ ಈಗ ಒಂದು ಲಕ್ಷ ದಾಟಿದೆ. ಎಷ್ಟೋ ಕಡೆ ಅದಕ್ಕೆ ದುಡ್ಡು ಹಾಕೋದು, ಹೆಸರು ಹುಡುಕೋದು ಈಗ ಆ ಮನೆಯಲ್ಲಿರೋರು, ಅದೇ ಬೀದಿಯ ಶಾಲೆಯ ಮಕ್ಕಳು.

ಕ್ವಿಜ್ ಮುಗಿದ ಸಂಜೆ ನನ್ನ ಗೆಳೆಯನಿಗೆ ಸಮಾಧಾನ ಮಾಡೋಕೆ ಹೋದೆ. "ಮುಂದಿನ ವರ್ಷ ನಾನೇ ಮೇಲ್ ಹಾಕ್ತೀನಿ ಗುರು, ಯಾರನ್ನಾದ್ರೂ ಕರೆಸೋಣ" ಅಂದೆ. ಅವನು ಬ್ಯಾಗು ಹೆಗಲಿಗೆ ಹಾಕ್ಕೊಂಡು ಹೇಳಿದ:

"ಬ್ಯಾಡ ಬುಡು ಮಗಾ. ನಮ್ಮೋರು ಹೇಳೀ ಹೇಳೀ ಸಾಕಾಗೋಗದೆ. ಪೊಲೀಸ್ ಸ್ಟೇಷನ್ನಲ್ಲಿ ಹೇಳುದ್ರು, ಕೋರ್ಟಲ್ಲಿ ಹೇಳುದ್ರು, ಪೇಪರ್ನೋರ್ಗೆ ಹೇಳುದ್ರು. ಒಂದ್ಸಲ ನಿಮ್ಮನೇರು ಹೇಳ್ಲಿ. ನಿಮ್ಮಪ್ಪ, ನಿಮ್ ತಾತ. ಅವರಿಗೂ ಗೊತ್ತಲ್ವಾ?"

ಉತ್ತರ ಕೊಡೋಕಾಗಲಿಲ್ಲ. ಅವನು ಹೇಳಿದ್ದು ಸರಿ. ನಂಜನಗೂಡು ಸೀಮೆಯವರು ಹೇಳಿಲ್ಲ ಅಂತ ಯಾರಾದ್ರೂ ಅನ್ನೋಕಾಗುತ್ತಾ? ಅದೇ ತಾಲ್ಲೂಕಿನ ದೇವನೂರಿನವರು ದೇವನೂರ ಮಹಾದೇವ. ಒಬ್ಬ ದಲಿತ ಹುಡುಗನ ಕೊಲೆಯನ್ನು ಒಡಲಲ್ಲಿಟ್ಟುಕೊಂಡ 'ಕುಸುಮಬಾಲೆ' ಬಂದಿದ್ದು 1984ರಲ್ಲಿ, ಬದನವಾಳಿಗೆ ಒಂಬತ್ತು ವರ್ಷ ಮುಂಚೆ. ನಾವು ಅದರ ಭಾಷೆ ಕಷ್ಟ ಅಂದ್ವಿ, ಅದ್ಭುತ ಅಂದ್ವಿ, ಅಕಾಡೆಮಿ ಪ್ರಶಸ್ತಿಯೂ ಬಂತು. ನಮ್ಮ ಮನೆಯಲ್ಲಿ ಆ ಪುಸ್ತಕ ಶೋಕೇಸಿನಲ್ಲಿತ್ತು.

ಹೇಳಿದವರಿಗೆ ಏನು ಸಿಗುತ್ತೆ ಅನ್ನೋದನ್ನೂ ನೋಡಿದ್ದೀವಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಮನೆಯೊಳಗೇ ಸುಟ್ಟರು. ಸಾಕ್ಷಿಗಳು ಪ್ರತಿಕೂಲ ಹೇಳಿಕೆ ಕೊಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಯಾಕೆ ತಿರುಗಿಬಿದ್ದರು ಅಂತ ಕೇಳೋಕೆ ಮುಂಚೆ ಒಂದು ಕ್ಷಣ ಯೋಚಿಸಿ. ಮಾರನೇ ಬೆಳಗ್ಗೆ ಅದೇ ಊರಲ್ಲಿ ನೀರು ಹಿಡೀಬೇಕು, ಅದೇ ಊರಿನ ಹೊಲದಲ್ಲಿ ಕೂಲಿ ಮಾಡಬೇಕು. ಬರ್ಲಿನ್‌ನಿಂದ ಬದುಕಿ ಹೋದವರು ನ್ಯೂಯಾರ್ಕಿನಲ್ಲಿ ಕೂತು ಹೇಳಬಹುದಿತ್ತು. ನಮ್ಮವರು ಕೊಂದವರ ಮನೆ ಮುಂದೆಯೇ ಹಾಲಿನ ಡೇರಿಗೆ ಹೋಗಬೇಕು. ಅಂಥವರಿಗೆ ಬನ್ನಿ, ನಮ್ಮ ಆಫೀಸಿಗೆ ಬಂದು ನಮಗೆ ಪಾಠ ಹೇಳಿ, ಒಂದು ಗಂಟೆ ಅಳಿಸಿ ಹೋಗಿ ಅನ್ನೋದರಲ್ಲೂ ಒಂದು ಕ್ರೌರ್ಯ ಇದೆ. ಆ ಮೇಲ್ ನಿಜವಾಗಿ ಹೋಗಬೇಕಿದ್ದಿದ್ದು ನಮ್ಮ ಮನೆಗಳಿಗೆ.

ಆ ಭಾನುವಾರ ಬನ್ನೂರಿಗೆ ಹೋದೆ. ನಮ್ಮದು ಜಮೀನಿದ್ದ ಮನೆ. ಊಟ ಆದ ಮೇಲೆ ಅಪ್ಪ ಜಗುಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ರು. ಕೇಳಿದೆ, "ಅಪ್ಪ, ತೊಂಬತ್ಮೂರರಲ್ಲಿ ಬದನವಾಳಲ್ಲಿ ಕೊಲೆ ಆಯ್ತಲ್ಲ, ಆಗ ಇಲ್ಲೆಲ್ಲ ಏನ್ ಮಾತಾಡ್ಕೊಂಡ್ರಿ?"

"ಅದ್ಯಾಕಪ್ಪ ಈಗ?" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಪೇಪರಲ್ಲಿ ಬಂದಿತ್ತು. ಪಾಪ, ಹಂಗ್ ಮಾಡಬಾರದಾಗಿತ್ತು." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅವರದೂ ಸ್ವಲ್ಪ ಜಾಸ್ತಿ ಆಗಿತ್ತಂತೆ ಕಣಪ್ಪ."

ನಮ್ಮಪ್ಪ ಕೆಟ್ಟವರಲ್ಲ. ಯಾರ ಮೇಲೂ ಕೈ ಎತ್ತಿದವರಲ್ಲ, ಆಳುಗಳಿಗೆ ಕೂಲಿ ಬಾಕಿ ಇಟ್ಟವರಲ್ಲ. ಅದಕ್ಕೇ ಆ ಮಾತು ನಂಗೆ ಹೆದರಿಕೆ ಹುಟ್ಟಿಸಿತು. ದೇವಸ್ಥಾನದೊಳಕ್ಕೆ ಕಾಲಿಡೋದು 'ಜಾಸ್ತಿ'. ಎಂಜಿನಿಯರ್ ಆಗೋದು 'ಜಾಸ್ತಿ'. ಆ ಮಾತು ಎಲ್ಲಿಂದ ಬಂತು, ಯಾರ ಜಗುಲಿಯಿಂದ ಯಾರ ಜಗುಲಿಗೆ ಹೋಯ್ತು, ಅದನ್ನು ಕೇಳಿಸಿಕೊಂಡು ಎಷ್ಟು ಮನೆಯ ಒಳ್ಳೆಯ ಜನ ತಲೆಯಾಡಿಸಿದ್ರು? ಕತ್ತಿ ಹಿಡಿದವರು ಕೆಲವರು. ಅವರ ಹೆಸರು ಪೊಲೀಸರ ಕಡತದಲ್ಲಿರುತ್ತೆ. ತಲೆಯಾಡಿಸಿದವರ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಆ ಸಾಕ್ಷ್ಯ ಇರೋದು ನಮ್ಮ ಮನೆಗಳಲ್ಲಿ ಮಾತ್ರ. ಅದನ್ನು ನಾವೇ ಹೇಳದೆ ಇದ್ರೆ ಹೇಳೋರು ಯಾರೂ ಇಲ್ಲ.

"ನಾನು ಜಾತಿ ಮಾಡಲ್ಲ, ನನ್ನನ್ನು ಯಾಕೆ ಎಳೀತೀರಾ?" ಅನ್ನೋ ಗೆಳೆಯರಿಗೆ ಒಂದು ಮಾತು. ನಾನೂ ಮಾಡಲ್ಲ ಅಂದ್ಕೊಂಡಿದ್ದೆ. ನಾನು ಚಿಕ್ಕವನಿದ್ದಾಗ ನಮ್ಮ ಕೊಟ್ಟಿಗೆಯ ಸೂರಿನಲ್ಲಿ ಒಂದು ಲೋಟ ಸಿಕ್ಕಿಸಿಟ್ಟಿರ್ತಿದ್ರು. ಗದ್ದೆ ಕೆಲಸಕ್ಕೆ ಬರ್ತಿದ್ದ ಒಬ್ಬರು ಅದನ್ನು ತಾವೇ ತೆಗೆದು, ತೊಳೆದು, ಹಿಡೀತಿದ್ರು. ಅಜ್ಜಿ ಮೇಲಿಂದ ಕಾಫಿ ಹುಯ್ಯೋರು. ಒಂದು ಸಲ ಆಟಕ್ಕೆ ಅದೇ ಲೋಟದಲ್ಲಿ ನೀರು ಕುಡಿದಿದ್ದಕ್ಕೆ ಅಜ್ಜಿ ನಂಗೆ ಸ್ನಾನ ಮಾಡಿಸಿದ್ರು. ನಾನು ಯಾರಿಗೂ ಏನೂ ಮಾಡಿಲ್ಲ, ನಿಜ. ಆದರೆ ಆ ಲೋಟದಿಂದ ಉಳಿದ ಜಮೀನು, ಆ ಜಮೀನಿನಿಂದ ಕಟ್ಟಿದ ನನ್ನ ಕಾಲೇಜ್ ಫೀಸು, ಆ ಫೀಸಿನಿಂದ ಬಂದ ಈ ಕೆಲಸ, ಇವು ನನ್ನವೇ. ಲಾಭ ನನ್ನದು, ನೆನಪು ಮಾತ್ರ ಅವರದು ಅಂದ್ರೆ ಆಗುತ್ತಾ?

"ಇದನ್ನೆಲ್ಲ ಹೇಳಿದ್ರೆ ದ್ವೇಷ ಜಾಸ್ತಿಯಾಗುತ್ತೆ" ಅನ್ನೋದು ಕೊನೆಯ ಆಕ್ಷೇಪ. ಹೇಳದೇ ಇದ್ದಾಗ ಏನಾಯ್ತು? ಬದನವಾಳಲ್ಲಿ ಇಪ್ಪತ್ತೊಂಬತ್ತು ವರ್ಷ ದಾರಿ ಮುಚ್ಚಿತ್ತು. 2020ರಲ್ಲಿ ಅದೇ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ, ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಒಬ್ಬ ಕ್ಷೌರಿಕನಿಗೆ ಬಹಿಷ್ಕಾರ ಹಾಕಿ 50 ಸಾವಿರ ರೂಪಾಯಿ ದಂಡ ಕೇಳಿದ್ರು ಅಂತ ಪತ್ರಿಕೆಗಳಲ್ಲಿ ಬಂತು. ಸುಮ್ಮನಿದ್ರೆ ಶಾಂತಿ ಇರುತ್ತೆ ಅನ್ನೋ ಲೆಕ್ಕ ನಮ್ಮ ಜಿಲ್ಲೆಯಲ್ಲಂತೂ ತಾಳೆಯಾಗಿಲ್ಲ.

ಹಾಗಾದ್ರೆ ಏನ್ ಮಾಡೋಣ? ಮೇಣದಬತ್ತಿ ಬೇಡ. ನಮ್ಮ ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳಲ್ಲಿ ಇತಿಹಾಸ ಓದೋ ಮಕ್ಕಳಿದ್ದಾರೆ. ಪ್ರತಿಯೊಬ್ಬರ ಕೈಯಲ್ಲೂ ಒಳ್ಳೇ ಫೋನಿದೆ. ಹೇಳೋಕೆ ಮನಸ್ಸಿರೋ ಹಿರಿಯರ ಮಾತನ್ನು, ಅವರು ಒಪ್ಪಿದಷ್ಟು, ಅವರು ಬೇಕೆಂದ ಕಡೆ ಹೆಸರು ಬಿಟ್ಟು, ಇಡೀ ಬದುಕಿನ ಕಥೆಯಾಗಿ ದಾಖಲಿಸಬಹುದು. ದುಡ್ಡು ಬೇಕಾದ್ರೆ ನಮ್ಮ ಕಂಪನಿಗಳ ಸಿಎಸ್‌ಆರ್ ಕೋಟಿ ಕೋಟಿ ಇದೆ, ಗೋಡೆಗೆ ಬಣ್ಣ ಹೊಡೆಸಿ ಫೋಟೊ ತೆಗೆಸೋದರಲ್ಲಿ ಸ್ವಲ್ಪ ಉಳಿಸಿದ್ರೆ ಸಾಕು. ಹೇಳಿದವರಿಗೆ ಗೌರವಧನ ಕೊಡಿ, ಬಿಟ್ಟಿ ಪಾಠ ಬೇಡ. ಆದರೆ ಇದಕ್ಕೂ ಮುಂಚಿನ ಕೆಲಸ ಒಂದಿದೆ, ಅದಕ್ಕೆ ದುಡ್ಡೂ ಬೇಡ, ಎಚ್‌ಆರ್ ಪರ್ಮಿಷನ್ನೂ ಬೇಡ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಪಕ್ಕ ಕೂತು ಕೇಳಿ. ಜಗಳ ಆಡಬೇಡಿ, ಫೇಸ್‌ಬುಕ್ಕಿನ ಭಾಷೆ ಬಳಸಬೇಡಿ. ಆಗ ನೀವೇನು ಕೇಳಿದ್ರಿ, ಏನು ಅಂದ್ರಿ, ಯಾಕೆ ಸುಮ್ಮನಿದ್ರಿ ಅಂತ ಕೇಳಿ. ಬರೆದಿಟ್ಟುಕೊಳ್ಳಿ.

ನಾನು ಅಪ್ಪನನ್ನು ಇನ್ನೊಂದು ಪ್ರಶ್ನೆ ಕೇಳಿದೆ. ಆ ಲೋಟ ಎಲ್ಲಿ ಹೋಯ್ತು ಅಂತ. "ಕೊಟ್ಟಿಗೆ ಕೆಡವಿದಾಗ ಎಲ್ಲೋ ಹೋಯ್ತು" ಅಂದ್ರು. ಅದರಲ್ಲಿ ಕಾಫಿ ಕುಡೀತಿದ್ದವರ ಹೆಸರೇನು ಅಂದೆ. ಅಪ್ಪ ಒಂದು ಅಡ್ಡಹೆಸರು ಹೇಳಿದ್ರು. ನಿಜವಾದ ಹೆಸರು ಅಂದೆ. ಇಪ್ಪತ್ತು ವರ್ಷ ನಮ್ಮ ಗದ್ದೆಯಲ್ಲಿ ದುಡಿದವರ ಹೆಸರು ಅಪ್ಪನಿಗೆ ನೆನಪಾಗಲಿಲ್ಲ. ನನಗೆ ಗೊತ್ತೇ ಇರಲಿಲ್ಲ.

ಅವರ ಮಗ ಮೈಸೂರಲ್ಲಿ ಆಟೊ ಓಡಿಸ್ತಾರಂತೆ. ಹುಡುಕ್ತೀನಿ ಅಂತ ಅಪ್ಪ ಹೇಳಿದ್ದಾರೆ. ಸಿಕ್ಕಿದ್ರೆ ಮೊದಲು ಅವರ ತಂದೆಯ ಹೆಸರು ಕೇಳ್ತೀನಿ. ಬೇರೆ ಏನಾದ್ರೂ ಹೇಳಬೇಕೋ ಬೇಡವೋ ಅನ್ನೋದು ಅವರಿಗೆ ಬಿಟ್ಟಿದ್ದು. ನಾನು ಹೇಳಬೇಕಾದ್ದಂತೂ ಇದೆ.